ಕೈಕೊಡುವದರ ಅರ್ಥವೂ ಉಪಯೋಗವೂ

ಕಳೆದ ಮಳೆಗಾಲವು ಮುಗಿದ ಮೇಲೆ ಕಕ್ಕಿಂಜೆಯ ಸಮೀಪದ ಒಂದು ಮನೆಯಲ್ಲಿ ಪ್ರಾರ್ಥನಾಕೂಟವನ್ನು ನಡಿಸುವದಕ್ಕೆ ಹೋಗಿದ್ದೆವು. ಕೂಟವು ಮುಗಿದು ಎಲ್ಲರೂ ಒಬ್ಬರಿಗೊಬ್ಬರು ಕೈಕೊಟ್ಟು ವಂದಿಸುತ್ತಿರುವಾಗ, ಐವತ್ತು ವರುಷ ದಾಟಿದ ಒಬ್ಬ ಸಹೋದರನು ಮಾತ್ರ ತನ್ನ ಎರಡು ಕೈಗಳನ್ನೂ ಬೆನ್ನಿನ ಹಿಂದೆ ಕಟ್ಟಿಕೊಂಡು ಜಗಲಿಯ ಕಂಬಕ್ಕೆ ಒರಗಿ ನಿಂತನು. ಅವನ ಎದುರಿಗೆ ನಿಂತವನು ಪರಕೀಯನಲ್ಲ, ಅವನ ಚಿಕ್ಕಪ್ಪನ ಮಗನೇ. 2019ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಚಾರ್ಮಾಡಿಯ ಗುಡ್ಡಗಳು ಜರಿದು ಮೃತ್ಯುಂಜಯ ಹೊಳೆಯು ಉಕ್ಕಿ ಬಂದದ್ದನ್ನು ಈ ಸೀಮೆಯವರು ಮರೆತಿಲ್ಲ. ಆ ನೆರೆಯಲ್ಲಿ ಇವರಿಬ್ಬರ ತೋಟಗಳ ನಡುವೆ ಹರಿಯುತ್ತಿದ್ದ ತೋಡು ತನ್ನ ಹಳೆಯ ದಾರಿಯನ್ನು ಬಿಟ್ಟು, ಒಬ್ಬನ ಅಡಿಕೆತೋಟದೊಳಗೆ ಹೊಸ ದಾರಿಯನ್ನು ಮಾಡಿಕೊಂಡಿತು. ಗಡಿಯು ಹಳೆಯ ತೋಡೋ ಹೊಸ ತೋಡೋ ಎಂಬ ವಾದವು ಅಂದು ಹುಟ್ಟಿತು. ಮೊದಲು ಮಾತು ನಿಂತಿತು. ಆಮೇಲೆ ವರುಷ ವರುಷವೂ ಇಬ್ಬರೂ ಸೇರಿ ತೋಡಿಗೆ ಹಾಕುತ್ತಿದ್ದ ಕಟ್ಟವೂ ನಿಂತಿತು.

ನಾವು ಅವನ ಹತ್ತಿರಕ್ಕೆ ಹೋಗಿ ಮೆಲ್ಲಗೆ ಮಾತಾಡಿದೆವು. ಅವನು ಹೇಳಿದ್ದೇನಂದರೆ: “ಉಪದೇಶಿಯವರೇ, ನೀವು ಹೇಳಿದರೆ ಕೈಕೊಟ್ಟೇನು. ಆದರೆ ಮನಸ್ಸಿನಲ್ಲಿ ಸಮಾಧಾನವಿಲ್ಲದೆ ಕೈಕೊಟ್ಟರೆ ಅದು ಕೈಯಿಂದ ಹೇಳಿದ ಸುಳ್ಳಾಗುವದಿಲ್ಲವೋ?” ಈ ಪ್ರಶ್ನೆಗೆ ನಮಗೆ ಕೂಡಲೆ ಉತ್ತರವು ತೋಚಲಿಲ್ಲ. ಅನೇಕರು ಯೋಚಿಸದೆ ಕೈಕೊಡುತ್ತಾರೆ. ಇವನಾದರೋ ಯೋಚಿಸಿ ಕೈಯನ್ನು ಹಿಂದಕ್ಕೆ ಇಟ್ಟುಕೊಂಡನು. ಇವರಲ್ಲಿ ಯಾರು ಹೆಚ್ಚು ಸತ್ಯವಂತರು? ದಾರಿಯುದ್ದಕ್ಕೂ ನಾವು ಇದನ್ನೇ ಆಲೋಚಿಸುತ್ತಾ ಬಂದೆವು. ಆ ಆಲೋಚನೆಯನ್ನು ವಾಚಕರ ಮುಂದೆ ಇಡುತ್ತೇವೆ.

ಮೊದಲು ನಮ್ಮ ಭಾಷೆಯನ್ನೇ ವಿಚಾರಿಸೋಣ. ಕನ್ನಡದಲ್ಲಿ ಕಷ್ಟಕಾಲಕ್ಕೆ ಒದಗುವವನನ್ನು ಕೈಹಿಡಿದವನು ಅನ್ನುತ್ತೇವೆ. ಮದುವೆಯಾದ ಹೆಂಡತಿಯನ್ನೂ ಕೈಹಿಡಿದವಳು ಅನ್ನುತ್ತೇವೆ. ಆಪತ್ತಿನಲ್ಲಿ ಒಬ್ಬನನ್ನು ತೊರೆದರೆ ಅದು ಕೈಬಿಡುವದು. ಆದರೆ ಕೈಕೊಡುವದು ಎಂಬ ಮಾತಿಗೆ ಎರಡು ಮುಖಗಳುಂಟು. ಬಿದ್ದವನನ್ನು ಎತ್ತುವದಕ್ಕೆ ಕೈಕೊಟ್ಟನು ಎಂದರೆ ಸಹಾಯಮಾಡಿದನೆಂದು ಅರ್ಥ. ‘ನಂಬಿದ್ದೆ, ಕಡೆಗೆ ಕೈಕೊಟ್ಟನು’ ಎಂದರೆ ಮೋಸಮಾಡಿದನೆಂದು ಅರ್ಥ. ಒಂದೇ ಮಾತು ಸಹಾಯಕ್ಕೂ ದ್ರೋಹಕ್ಕೂ ಸಲ್ಲುವದು ಹೇಗೆ? ನಮಗೆ ತೋರುವದೇನಂದರೆ, ಜನರು ತಮ್ಮ ಅನುಭವದಿಂದಲೇ ಇದನ್ನು ಕಲಿತರು. ನೀಡಿದ ಕೈಯು ಮುಂದೆ ಏನು ಮಾಡುವದೆಂದು ನೀಡಿದ ಕ್ಷಣದಲ್ಲಿ ಯಾರಿಗೂ ತಿಳಿಯದು. ಆದಕಾರಣ ಕೈಕೊಡುವದು ಮುಗಿದ ಕೆಲಸವಲ್ಲ, ಅದು ಆರಂಭ ಮಾತ್ರ.

ಕೆಲವರು ಇದು ದೊರೆಗಳ ಕಾಲದಲ್ಲಿ ಬಂದ ಪರದೇಶದ ಮರ್ಯಾದೆ, ನಮ್ಮದು ಕೈಮುಗಿಯುವದು ಎಂದು ಹೇಳುತ್ತಾರೆ. ಭೇಟಿಯಲ್ಲಿ ಕೈಕುಲುಕುವ ಪದ್ಧತಿಯು ಪಶ್ಚಿಮದವರಿಂದ ಹೆಚ್ಚಾಗಿ ಹರಡಿತೆಂಬದು ನಿಜವೇ. ಆದರೆ ಕೈಗೆ ಕೈ ಸೇರಿಸಿ ಮಾತನ್ನು ನಿಶ್ಚಯಿಸುವದು ನಮ್ಮಲ್ಲಿಯೂ ಹಳೆಯದು. ನಮ್ಮ ತುಳುನಾಡಿನ ಮದುವೆಗಳಲ್ಲಿ ವಧೂವರರ ಕೈಗಳನ್ನು ಕೂಡಿಸಿ ಅವುಗಳ ಮೇಲೆ ನೀರಿನ ಧಾರೆ ಎರೆಯುವದನ್ನು ಯಾರು ನೋಡಿಲ್ಲ? ದನದ ಸಂತೆಯಲ್ಲಿ ಮಾರುವವನೂ ಕೊಳ್ಳುವವನೂ ಬೈರಾಸಿನ ಕೆಳಗೆ ಬೆರಳುಗಳನ್ನು ಹಿಡಿದು, ಬಾಯಿಬಿಡದೆ ಕ್ರಯವನ್ನು ಗೊತ್ತುಮಾಡುತ್ತಿದ್ದರು. ನಮ್ಮ ನೆರೆಯ ಬ್ಯಾರಿ ಸಹೋದರರು ಸಲಾಮು ಹೇಳುವಾಗ ಕೈಗೆ ಕೈ ಕೂಡಿಸುತ್ತಾರೆ. ಹಬ್ಬದ ನಮಾಜು ತೀರಿದ ಮೇಲೆ ಕೈಹಿಡಿದು ತಬ್ಬಿಕೊಳ್ಳುತ್ತಾರೆ. ಆದದರಿಂದ ಇದು ಯಾವ ಒಂದು ಜನಾಂಗದ ಸೊತ್ತೂ ಅಲ್ಲ.

ಇದರ ಪುರಾತನ ಗುರುತುಗಳು ಕಲ್ಲಿನಲ್ಲಿ ಉಳಿದಿವೆ. ಕ್ರಿಸ್ತಪೂರ್ವ ಒಂಭತ್ತನೆಯ ಶತಮಾನದಲ್ಲಿ ಅಶ್ಶೂರದ ಅರಸನಾದ ಮೂರನೆಯ ಶಲ್ಮನೆಸೆರನು ಬಾಬೆಲಿನ ಅರಸನೊಂದಿಗೆ ಕೈಕೂಡಿಸಿ ನಿಂತಿರುವ ಚಿತ್ರವನ್ನು ತನ್ನ ಸಿಂಹಾಸನದ ಪೀಠದಲ್ಲಿ ಕೆತ್ತಿಸಿದನು. ಅದು ನಿಮ್ರೂದಿನ ಹಾಳುದಿಬ್ಬಗಳಲ್ಲಿ ಸಿಕ್ಕಿತು. ಅಥೇನೆ ಪಟ್ಟಣದ ಹಳೆಯ ಗೋರಿಕಲ್ಲುಗಳಲ್ಲಿ ಸತ್ತವರೂ ಬದುಕಿರುವವರೂ ಬಲಗೈ ಹಿಡಿದುಕೊಂಡಿರುವ ಹಾಗೆ ಕೆತ್ತಿದ್ದಾರೆ. ರೋಮಾಯರು ವಿವಾಹದಲ್ಲಿಯೂ ಒಡಂಬಡಿಕೆಯಲ್ಲಿಯೂ ಬಲಗೈಗಳನ್ನು ಕೂಡಿಸುತ್ತಿದ್ದರು. ಬಲಗೈಯಲ್ಲಿ ಆಯುಧವಿಲ್ಲವೆಂದು ತೋರಿಸುವದಕ್ಕೆ ಹೀಗೆ ಮಾಡಿದರೆಂದು ಹೇಳುವದುಂಟು. ಆದರೆ ಗೋರಿಯ ಮೇಲಿನ ಕೈಗಳಿಗೆ ಆಯುಧದ ಭಯವೆಲ್ಲಿ? ಅಲ್ಲಿ ಕಾಣುವದು ನಿನ್ನನ್ನು ಮರೆಯೆನು ಎಂಬ ಮಾತೇ.

ಸತ್ಯವೇದದಲ್ಲಿಯೂ ಈ ವಿಷಯವು ಅಲ್ಲಲ್ಲಿ ಬರುತ್ತದೆ. ಇನ್ನೊಬ್ಬನ ಸಾಲಕ್ಕೆ ಹಿಂದುಮುಂದು ನೋಡದೆ ಕೈಮೇಲೆ ಕೈಹಾಕಿ ಹೊಣೆಯಾಗಬೇಡವೆಂದು ಜ್ಞಾನೋಕ್ತಿಯು ಒಂದಕ್ಕಿಂತ ಹೆಚ್ಚು ಸಾರಿ ಎಚ್ಚರಿಸುತ್ತದೆ. ಯಾಕಂದರೆ ಕೈಕೊಟ್ಟವನು ಆ ಸಾಲವನ್ನು ತನ್ನ ತಲೆಯ ಮೇಲೆ ಹೊತ್ತವನೇ. ಗಲಾತ್ಯದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಯಾಕೋಬನೂ ಕೇಫನೂ ಯೋಹಾನನೂ ಪೌಲ ಬಾರ್ನಬರಿಗೆ ಅನ್ಯೋನ್ಯತೆಯ ಗುರುತಾಗಿ ಬಲಗೈಯನ್ನು ಕೊಟ್ಟರೆಂದು ಓದುತ್ತೇವೆ. ಇದನ್ನು ನಾವು ಅನೇಕ ಸಾರಿ ಓದಿದ್ದೇವೆ. ಆದರೆ ಅದರ ಮುಂದಿನ ವಚನವನ್ನು ಎಷ್ಟು ಮಂದಿ ಗಮನಿಸಿದ್ದೇವೆ? ಕೈಕೊಟ್ಟ ಬೆನ್ನಿಗೇ ಅವರು ಬಡವರನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ಕೇಳಿಕೊಂಡರು. ಪೌಲನು ಅದಕ್ಕೆ ಒಪ್ಪಿ, ಸಭೆ ಸಭೆಗಳಲ್ಲಿ ಹಣವನ್ನು ಕೂಡಿಸಿ ಯೆರೂಸಲೇಮಿನ ಬಡವರಿಗೆ ಮುಟ್ಟಿಸಿದನು. ಅಂದು ಹಿಡಿದ ಕೈಯು ವರುಷಗಳ ತನಕ ಕೆಲಸಮಾಡಿತು.

ಇನ್ನು ನಮ್ಮ ಜಿಲ್ಲೆಯಲ್ಲಿ ಕೈಗೆ ಕೈ ತಾಕುವದು ಎಷ್ಟು ದೊಡ್ಡ ಮಾತಾಗಿತ್ತೆಂದು ನೆನಸೋಣ. ನಮ್ಮ ಅಜ್ಜಂದಿರ ಕಾಲದಲ್ಲಿ ಕೂಲಿಯವನ ಅಂಗೈಗೆ ದುಡ್ಡನ್ನು ಮುಟ್ಟದ ಹಾಗೆ ಮೇಲಿನಿಂದ ಹಾಕುತ್ತಿದ್ದರು. ನೀರನ್ನು ಬೊಗಸೆಗೆ ಎತ್ತರದಿಂದ ಹೊಯ್ಯುತ್ತಿದ್ದರು. ದಿನವೆಲ್ಲಾ ಗದ್ದೆಯಲ್ಲಿ ದುಡಿದ ಕೈಯಿಂದ ಬಂದ ಭತ್ತವು ಶುದ್ಧ, ಆ ಕೈ ಮಾತ್ರ ಅಶುದ್ಧ! ಇಂಥಾ ನಾಡಿಗೆ 1834ನೆಯ ಇಸವಿಯಲ್ಲಿ ಬಾಸೆಲ್ ಮಿಶನಿನವರು ಬಂದರು. ಬೇರೆ ಬೇರೆ ಜಾತಿಯವರು ಒಂದೇ ಸಭೆಯಲ್ಲಿ ಸೇರಿ ಒಬ್ಬರ ಕೈಯನ್ನೊಬ್ಬರು ಹಿಡಿದಾಗ, ಅದು ಬರೀ ಮರ್ಯಾದೆಯಾಗಿರಲಿಲ್ಲ. ಅದಕ್ಕೋಸ್ಕರ ಮನೆಯನ್ನೂ ನಂಟರನ್ನೂ ಕಳಕೊಂಡವರುಂಟು. ನಮ್ಮ ಸಭೆಯ ಹೊರಗೆಯೂ ಈ ಕೆಲಸವನ್ನು ಮಾಡಿದವರಿದ್ದರು. ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ದಲಿತವರ್ಗದವರಿಗಾಗಿ ಒಂದು ಸಂಸ್ಥೆಯನ್ನು ಕಟ್ಟಿ, ಸ್ವಜನರ ಬಹಿಷ್ಕಾರವನ್ನು ಸಹಿಸಿಕೊಂಡರು. 1950ನೆಯ ಇಸವಿಯ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ ಹದಿನೇಳನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಮಾಡಿತು. ಆದರೂ ಈ ಜಿಲ್ಲೆಯ ಕೊರಗರನ್ನು ಹೀನಾಯವಾಗಿ ನಡಿಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸುವದಕ್ಕೆ 2000ನೆಯ ಇಸವಿಯಲ್ಲಿ ಬೇರೆ ಒಂದು ಕಾಯಿದೆಯೇ ಬೇಕಾಯಿತು. ಕಾಯಿದೆಯು ದೂರವಿಡುವದನ್ನು ಶಿಕ್ಷಿಸಬಲ್ಲದು, ಕೈಹಿಡಿಯುವದನ್ನು ಕಲಿಸಲಾರದು.

ಇತರರನ್ನು ದೂರುವದಕ್ಕೆ ಮುಂಚೆ ನಮ್ಮ ತಪ್ಪನ್ನೇ ಹೇಳಿಕೊಳ್ಳುತ್ತೇವೆ. ಕೆಲವು ವರುಷಗಳ ಹಿಂದೆ ಒಂದು ಕೂಟದ ತರುವಾಯ, ಗುಡ್ಡದ ಬದಿಯಲ್ಲಿ ವಾಸಿಸುವ ಒಬ್ಬ ಕೂಲಿಯವನು ನಮ್ಮ ಕಡೆಗೆ ಕೈಚಾಚಿದನು. ಅವನು ತೋಟಕ್ಕೆ ಸೊಪ್ಪು ಗೊಬ್ಬರ ಹೊತ್ತ ಕೈಯಲ್ಲಿಯೇ ಬಂದಿದ್ದನು. ನಾವು ಶುಭ್ರವಾದ ಅಂಗಿಯನ್ನು ತೊಟ್ಟಿದ್ದೆವು. ನಾವು ಕೂಡಲೆ ಎರಡೂ ಕೈಗಳನ್ನು ಎದೆಗೆ ತಂದು ಬಹು ವಿನಯದಿಂದ ನಮಸ್ಕಾರ ಮಾಡಿದೆವು. ಅವನ ಕೈ ಸ್ವಲ್ಪ ಹೊತ್ತು ಹಾಗೆಯೇ ಚಾಚಿಕೊಂಡಿತ್ತು. ಆಮೇಲೆ ಅವನು ಅದನ್ನು ತನ್ನ ಮುಂಡಿಗೆ ಒರಸಿಕೊಂಡು ಕೆಳಗಿಳಿಸಿದನು. ಅವನು ಏನೂ ಹೇಳಲಿಲ್ಲ. ಅದೇ ದಿವಸ ಊರಿನ ಒಬ್ಬ ಧನವಂತನು ಬಂದಾಗ ನಾವೇ ಮುಂದಾಗಿ ಹೋಗಿ ಕೈಕುಲುಕಿದೆವು. ರಾತ್ರಿ ಮಲಗುವಾಗ ಆ ಮುಂಡಿಗೆ ಒರಸಿಕೊಂಡ ಕೈ ನಮ್ಮ ಕಣ್ಣಮುಂದೆ ಬಂತು. ಕೈಮುಗಿಯುವದು ಒಳ್ಳೆಯದೇ, ಆದರೆ ಮುಟ್ಟದೆ ತಪ್ಪಿಸಿಕೊಳ್ಳುವದಕ್ಕಾಗಿ ಕೈಮುಗಿದರೆ ಅದು ಮೇಲಿನಿಂದ ದುಡ್ಡು ಹಾಕಿದ್ದಕ್ಕೆ ಸಮಾನ. ನಮ್ಮ ವಂದನೆಯ ರೀತಿಯನ್ನು ಕಂಡು ಯಾರೂ ನಮ್ಮನ್ನು ತಿಳಿಯಲಾರರು. ನಾವು ಯಾರಿಗೆ ಒಂದು ರೀತಿ, ಯಾರಿಗೆ ಇನ್ನೊಂದು ರೀತಿ ಮಾಡುತ್ತೇವೆಂಬದರಿಂದ ಮಾತ್ರ ನಮ್ಮ ಹೃದಯವು ಹೊರಬೀಳುವದು.

ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಕ್ವೇಕರರೆಂಬ ಜನರು ಇದನ್ನು ಚೆನ್ನಾಗಿ ಗ್ರಹಿಸಿದರು. ಆ ಕಾಲದಲ್ಲಿ ಮೇಲಿನವರ ಮುಂದೆ ಟೊಪ್ಪಿ ತೆಗೆದು ಬಾಗಬೇಕಾಗಿತ್ತು. ಇವರಾದರೋ ದೇವರ ಮುಂದೆ ಹೊರತು ಯಾರ ಮುಂದೆಯೂ ಟೊಪ್ಪಿ ತೆಗೆಯುವದಿಲ್ಲವೆಂದು ಹೇಳಿ, ಅದಕ್ಕೋಸ್ಕರ ಸೆರೆಮನೆಗೂ ಹೋದರು. ಬಾಗುವದರ ಬದಲಿಗೆ ಅವರು ಎಲ್ಲರಿಗೂ ಕೈಕೊಟ್ಟರು. ಬಾಗುವಾಗ ಒಬ್ಬನು ಮೇಲೆ, ಒಬ್ಬನು ಕೆಳಗೆ. ಕೈಕೊಡುವಾಗ ಎರಡು ಕೈಗಳೂ ಒಂದೇ ಎತ್ತರದಲ್ಲಿರಬೇಕು. ಇಂದಿಗೂ ಅವರ ಆರಾಧನೆಯು ಪಕ್ಕದವರಿಗೆ ಕೈಕೊಡುವದರಿಂದ ಮುಗಿಯುತ್ತದೆ.

ದಕ್ಷಿಣ ಇಂಡಿಯಾ ಸಭೆಯಲ್ಲಿಯೂ ಇಂಥಾ ಒಂದು ಕ್ರಮವುಂಟು. 1947ನೆಯ ಇಸವಿಯ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಬೇರೆ ಬೇರೆ ಸಭೆಗಳು ಒಂದಾದವು. 1950ರಲ್ಲಿ ಆ ಸಭೆಯವರು ಕರ್ತನ ಭೋಜನಕ್ಕಾಗಿ ಹೊಸ ಕ್ರಮವನ್ನು ಏರ್ಪಡಿಸುವಾಗ, ಸಮಾಧಾನದ ವಂದನೆಯನ್ನು ಅದರೊಳಗೆ ಸೇರಿಸಿದರು. ಅದರ ರೀತಿಯನ್ನು ಕೇರಳದ ಸುರಿಯಾನಿ ಕ್ರೈಸ್ತರಿಂದ ತೆಗೆದುಕೊಂಡರು. ಬಲ ಅಂಗೈಗೆ ಬಲ ಅಂಗೈ ತಾಕಿಸಿ, ಎಡಗೈಯಿಂದ ಮತ್ತೊಬ್ಬನ ಬಲಗೈಯನ್ನು ಮುಚ್ಚುವರು. ಹೀಗೆ ಸಭಾಪಾಲಕನಿಂದ ಹೊರಟ ಸಮಾಧಾನವು ಕೈಯಿಂದ ಕೈಗೆ ಕಡೆಯ ಸಾಲಿನ ತನಕ ಹೋಗುವದು. ಕೈಮುಗಿಯುವ ವಿನಯವೂ ಕೈಹಿಡಿಯುವ ಸ್ನೇಹವೂ ಇದರಲ್ಲಿ ಕೂಡಿಕೊಂಡಿವೆ. ಇಲ್ಲಿ ಗಮನಿಸತಕ್ಕದ್ದೇನಂದರೆ, ನಮ್ಮ ಪಕ್ಕದಲ್ಲಿ ಯಾರು ಕೂತಿರುವರೋ ಅವರಿಗೇ ಕೊಡಬೇಕು. ಬೇಕಾದವರನ್ನು ಆರಿಸಿಕೊಳ್ಳುವ ಹಾಗಿಲ್ಲ.

ಹಾಗಾದರೆ ಜಗಲಿಯ ಕಂಬಕ್ಕೆ ಒರಗಿ ನಿಂತವನ ಪ್ರಶ್ನೆಗೆ ಬರೋಣ. ಮನಸ್ಸಿಲ್ಲದೆ ಕೊಟ್ಟ ಕೈ ಸುಳ್ಳೋ? ಸುಳ್ಳಾದ ಕೈಗಳು ಇದ್ದದ್ದು ನಿಶ್ಚಯವೇ. ಯೋವಾಬನು ಅಮಾಸನ ಕ್ಷೇಮವನ್ನು ವಿಚಾರಿಸುತ್ತಾ, ಮುದ್ದಿಡುವವನಂತೆ ಬಲಗೈಯಿಂದ ಅವನ ಗಡ್ಡವನ್ನು ಹಿಡಿದು, ಕತ್ತಿಯಿಂದ ಇರಿದು ಕೊಂದನು. ಇವನ ಕೈಗೂ ಮನಸ್ಸಿಗೂ ವ್ಯತ್ಯಾಸವಿತ್ತೆಂಬದಕ್ಕಿಂತಲೂ, ಮನಸ್ಸಿನ ದುರಾಲೋಚನೆಯನ್ನು ಮುಚ್ಚುವದಕ್ಕೆ ಕೈಯನ್ನು ಪರದೆಯಾಗಿ ಮಾಡಿದನೆಂಬದೇ ಅವನ ಪಾಪ.

ಇದಕ್ಕೆ ಎದುರಾಗಿ ಇನ್ನೊಂದು ಸಂಗತಿಯನ್ನು ಕೇಳಿರಿ. 1914ನೆಯ ಇಸವಿಯಲ್ಲಿ ಮೊದಲನೆಯ ಮಹಾಯುದ್ಧವು ನಡೆಯುತ್ತಿರುವಾಗ, ಕ್ರಿಸ್ಮಸ್ ಹಬ್ಬದ ದಿವಸಗಳಲ್ಲಿ ಪಶ್ಚಿಮದ ರಣರಂಗದ ಅನೇಕ ಸ್ಥಳಗಳಲ್ಲಿ ಜರ್ಮನಿಯ ಸಿಪಾಯಿಗಳೂ ಇಂಗ್ಲಿಷ್ ಸಿಪಾಯಿಗಳೂ ತಮ್ಮ ತಮ್ಮ ಕಂದಕಗಳಿಂದ ಮೇಲಕ್ಕೆ ಬಂದು ನಡುವಣ ನೆಲದಲ್ಲಿ ಕೈಕುಲುಕಿದರು, ಹೊಗೆಸೊಪ್ಪನ್ನು ಹಂಚಿಕೊಂಡರು, ಸತ್ತವರನ್ನು ಹೂಣಿಟ್ಟರು. ನಿನ್ನೆಯ ತನಕ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದವರು ಇವರೇ. ಅವರ ಮನಸ್ಸಿನಲ್ಲಿ ದ್ವೇಷವೂ ಭಯವೂ ಒಂದೇ ರಾತ್ರಿಯಲ್ಲಿ ಅಳಿದುಹೋದವೋ? ಇಲ್ಲ. ಕೈ ಮುಂದೆ ಹೋಯಿತು, ಮನಸ್ಸು ಅದರ ಹಿಂದೆ ಹೆಜ್ಜೆ ಇಟ್ಟಿತು. ಆ ಕೈಗೆ ಎಷ್ಟು ಬಲವಿತ್ತೆಂದು ಸೇನಾಧಿಪತಿಗಳು ಚೆನ್ನಾಗಿ ತಿಳಿದಿದ್ದರು. ಆದಕಾರಣವೇ ಇನ್ನು ಮುಂದೆ ಹೀಗೆ ನಡಿಯಕೂಡದೆಂದು ಕಟ್ಟುನಿಟ್ಟಾದ ಆಜ್ಞೆಗಳನ್ನು ಕೊಟ್ಟರು. ಯುದ್ಧವು 1918ರ ವರೆಗೂ ನಡೆಯಿತು. ಆದರೆ ಕೈಹಿಡಿದ ಮನುಷ್ಯನ ಮೇಲೆ ಗುಂಡು ಹಾರಿಸುವದು ಕಷ್ಟವೆಂಬದಕ್ಕೆ ಆ ಆಜ್ಞೆಗಳೇ ಸಾಕ್ಷಿ.

ಇವೆರಡನ್ನೂ ಹೋಲಿಸುವಾಗ ನಮಗೆ ತಿಳಿಯುವದೇನಂದರೆ: ಕೈಯು ಮನಸ್ಸಿಗಿಂತ ಮುಂದೆ ಹೋಗುವದು ಸುಳ್ಳಲ್ಲ, ಮನಸ್ಸು ಎಂದಿಗೂ ಹಿಂಬಾಲಿಸಬಾರದೆಂದು ನಿಶ್ಚಯಿಸಿಕೊಂಡು ಕೈಯನ್ನು ಕಳುಹಿಸುವದೇ ಸುಳ್ಳು. ಮನಸ್ಸು ಪೂರ್ಣವಾಗಿ ತಿಳಿಯಾಗುವ ತನಕ ಕೈಕೊಡೆನೆಂದು ಹೇಳುವವನು, ನೀರು ಬೆಚ್ಚಗಾದ ಮೇಲೆಯೇ ಒಲೆಗೆ ಬೆಂಕಿ ಹಾಕುವೆನೆಂದು ಹೇಳುವವನ ಹಾಗಿದ್ದಾನೆ. ಆದರೆ ಕೈಕೊಟ್ಟ ಮಾತ್ರಕ್ಕೆ ಎಲ್ಲಾ ತೀರಿತೆಂದು ಹೇಳುವವನು ಅವನಿಗಿಂತಲೂ ಬುದ್ಧಿಹೀನನು. ತೆಗೆದುಕೊಂಡ ಭೂಮಿಯನ್ನು ಹಿಂದಕ್ಕೆ ಕೊಡದೆ, ಆಡಿದ ಮಾತಿಗೆ ಪಶ್ಚಾತ್ತಾಪಪಡದೆ, ಆದಿತ್ಯವಾರ ಕೈಕೊಟ್ಟು ಸೋಮವಾರ ಕೋರ್ಟಿಗೆ ಸುಳ್ಳು ಸಾಕ್ಷಿಯನ್ನು ಒಯ್ಯುವವನ ಕೈ ಯೋವಾಬನ ಕೈಯೇ ಸರಿ.

ಇಲ್ಲಿ ಇನ್ನೆರಡು ಮಾತುಗಳನ್ನು ಹೇಳದೆ ಇರಲಾರೆವು. ಒಂದನೆಯದು, ಬಲಾತ್ಕಾರದ ವಿಷಯ. ನಮ್ಮ ಮಿಶನಿನವರು ಹೊರಟು ಬಂದ ಬಾಸೆಲ್ ಪಟ್ಟಣದ ನೆರೆಯಲ್ಲಿ ಥೆರ್ವಿಲ್ ಎಂಬ ಊರುಂಟು. ಆ ದೇಶದ ಶಾಲೆಗಳಲ್ಲಿ ಮಕ್ಕಳು ಉಪಾಧ್ಯಾಯರಿಗೆ ಕೈಕೊಟ್ಟು ವಂದಿಸುವದು ವಾಡಿಕೆ. ಇಬ್ಬರು ಮುಸಲ್ಮಾನ ಹುಡುಗರು ತಮ್ಮ ಧರ್ಮದ ನಿಮಿತ್ತ ಉಪಾಧ್ಯಾಯಿನಿಯ ಕೈಯನ್ನು ಹಿಡಿಯಲೊಲ್ಲೆವೆಂದರು. ಶಾಲೆಯು ಅವರಿಗೆ ವಿನಾಯಿತಿ ಕೊಟ್ಟಿತು. 2016ನೆಯ ಇಸವಿಯಲ್ಲಿ ಅಲ್ಲಿಯ ಅಧಿಕಾರಿಗಳು ಅದನ್ನು ತೆಗೆದುಹಾಕಿ, ಒಪ್ಪದಿದ್ದರೆ ತಂದೆತಾಯಿಗಳಿಗೆ 5000 ಫ್ರಾಂಕುಗಳ ವರೆಗೆ ದಂಡ ಹಾಕಬಹುದೆಂದು ತೀರ್ಮಾನಿಸಿದರು. ಹೆಂಗಸಿಗೆ ಗಂಡಸಿನಷ್ಟೇ ಮರ್ಯಾದೆ ಸಲ್ಲಬೇಕೆಂಬ ಅವರ ಉದ್ದೇಶವನ್ನು ನಾವು ಹಗುರಾಗಿ ಎಣಿಸುವದಿಲ್ಲ. ಆದರೂ ದಂಡದ ಭಯದಿಂದ ಚಾಚಿದ ಕೈ ತೀರ್ವೆ ತೆತ್ತ ಹಾಗಲ್ಲವೋ? ನಮ್ಮ ಊರುಗಳಲ್ಲಿಯೂ ಅಪರಿಚಿತ ಗಂಡಸಿಗೆ ಕೈಕೊಡಲು ಸಂಕೋಚಪಡುವ ಅಕ್ಕತಂಗಿಯರಿದ್ದಾರೆ; ಕೈಮುಗಿದೇ ರೂಢಿಯಾದ ಮುದುಕರಿದ್ದಾರೆ. ಅವರಿಗೆ ಅವರ ರೀತಿಯಲ್ಲಿಯೇ ವಂದಿಸುವದು ಪ್ರೀತಿ. ಕೈ ನೀಡುವದು ನಮ್ಮ ಪಾಲು; ಹಿಡಿಯುವದೂ ಬಿಡುವದೂ ಅವರ ಸ್ವಾತಂತ್ರ್ಯ.

ಎರಡನೆಯದು, ರೋಗದ ವಿಷಯ. 2020ನೆಯ ಇಸವಿಯಲ್ಲಿ ಕೊರೋನಾ ಜಾಡ್ಯವು ಬಂದಾಗ ಲೋಕವೆಲ್ಲಾ ಕೈಕುಲುಕುವದನ್ನು ನಿಲ್ಲಿಸಿ ಕೈಮುಗಿಯಿತು. ಅಂಥಾ ಕಾಲದಲ್ಲಿ ನೆರೆಯವನ ಆರೋಗ್ಯಕ್ಕಾಗಿ ಕೈಯನ್ನು ಹಿಂದಕ್ಕೆ ಇಟ್ಟುಕೊಳ್ಳುವದೇ ಪ್ರೀತಿಯ ಕೆಲಸ. ಕೈಗಳನ್ನು ಸಾಬೂನಿನಿಂದ ತೊಳೆಯುವದೂ ಹಾಗೆಯೇ. ಆದರೆ ರೋಗದ ಹೆಸರಿನಲ್ಲಿ ಸುಳ್ಳು ಭಯವೂ ಬರುತ್ತದೆ. ಕುಷ್ಠರೋಗದ ಕ್ರಿಮಿಯನ್ನು ಹಾನ್ಸೆನ್ ಎಂಬ ವೈದ್ಯನು 1873ರಲ್ಲಿ ಕಂಡುಹಿಡಿದನು. ಈಗ ಅದಕ್ಕೆ ಗುಣಪಡಿಸುವ ಔಷಧಗಳಿವೆ. ಕೈಕುಲುಕಿದ ಮಾತ್ರಕ್ಕೆ ಅದು ಹರಡುವದಿಲ್ಲ. ಆದರೂ ಗುಣವಾಗಿ ಮನೆಗೆ ಬಂದವನ ಕೈಯನ್ನು ಹಿಡಿಯುವವರು ಎಷ್ಟು ಮಂದಿ? ನಮ್ಮ ಕರ್ತನು ಕುಷ್ಠರೋಗಿಯನ್ನು ಗುಣಪಡಿಸುವಾಗ ಮಾತು ಮಾತ್ರ ಸಾಕಾಗಿತ್ತು. ಆದರೂ ಆತನು ಕೈನೀಡಿ ಅವನನ್ನು ಮುಟ್ಟಿದನು. ಎಷ್ಟೋ ವರುಷಗಳಿಂದ ಯಾರೂ ಮುಟ್ಟದಿದ್ದ ಆ ಮನುಷ್ಯನಿಗೆ ಆರೋಗ್ಯಕ್ಕಿಂತ ಮುಂಚೆ ಸಿಕ್ಕಿದ್ದು ಆ ಕೈಯೇ.

ಈ ಆಲೋಚನೆಗಳನ್ನು ಹೊತ್ತುಕೊಂಡು ನಾವು ಮತ್ತೊಮ್ಮೆ ಆ ಸಹೋದರನ ಮನೆಗೆ ಹೋದೆವು. ಕೈಕೊಡು ಎಂದು ನಾವು ಅವನಿಗೆ ಹೇಳಲಿಲ್ಲ. ಗಡಿಯನ್ನು ಸರಕಾರದ ಮೋಜಣಿದಾರನು ಅಳೆದು ಹೇಳಲಿ, ಹೇಳಿದ್ದಕ್ಕೆ ಇಬ್ಬರೂ ಒಪ್ಪಲಿ ಎಂದು ಮಾತ್ರ ಕೇಳಿದೆವು. ಅದರ ತನಕ ತೋಟಗಳು ಒಣಗಬೇಕೋ ಎಂದೂ ಕೇಳಿದೆವು. ಅವನು ಬಹಳ ಹೊತ್ತು ಸುಮ್ಮನಿದ್ದು, “ಕಟ್ಟ ಹಾಕುವದಕ್ಕೆ ಬರುತ್ತೇನೆಂದು ಅವನಿಗೆ ಹೇಳಿರಿ,” ಅಂದನು.

ತೋಡಿನ ನೀರು ಇಳಿದ ಮೇಲೆ ಒಂದು ಶನಿವಾರ ಮುಂಜಾನೆ ಕಟ್ಟ ಹಾಕುವ ಕೆಲಸ ಆರಂಭವಾಯಿತು. ನಾವೂ ಮುಂಡು ಎತ್ತಿಕಟ್ಟಿ ನೀರಿಗೆ ಇಳಿದೆವು. ಸಾಲಾಗಿ ನಿಂತು ದಡದಿಂದ ಕಲ್ಲುಗಳನ್ನು ಕೈಯಿಂದ ಕೈಗೆ ಸಾಗಿಸಬೇಕಾಗಿತ್ತು. ಮೊದಮೊದಲು ಆ ದಾಯಾದಿಗಳು ಸಾಲಿನ ಎರಡು ತುದಿಗಳಲ್ಲಿ ನಿಂತಿದ್ದರು. ಮಧ್ಯಾಹ್ನದ ಹೊತ್ತಿಗೆ ಕೆಲವರು ಊಟಕ್ಕೆ ಹೋಗಿ ಸಾಲು ಗಿಡ್ಡವಾದಾಗ, ಅವರಿಬ್ಬರೂ ಪಕ್ಕಪಕ್ಕಕ್ಕೆ ಬಂದರು. ಒಂದು ದೊಡ್ಡ ಕಲ್ಲನ್ನು ಒಬ್ಬನು ಎತ್ತಿ ಕೊಟ್ಟನು. ಅದು ಜಾರುವದನ್ನು ಕಂಡು ಮತ್ತೊಬ್ಬನು ಕಲ್ಲಿನೊಂದಿಗೆ ಅವನ ಕೈಯನ್ನೂ ಒತ್ತಿ ಹಿಡಿದನು. “ಜಾಗ್ರತೆ ಅಣ್ಣಾ,” ಅಂದನು. ಮತ್ತೇನೂ ಅನ್ನಲಿಲ್ಲ. ಗಡಿಯ ಅಳತೆಯು ಇನ್ನೂ ಆಗಬೇಕಾಗಿದೆ. ವ್ಯಾಜ್ಯವು ಮುಗಿಯಿತೆಂದು ನಾವು ಹೇಳಲಾರೆವು. ಆದರೆ ಈ ವರುಷ ಆ ಎರಡು ತೋಟಗಳಿಗೂ ನೀರುಂಟು.

ಪ್ರಿಯರೇ, ಬರುವ ಆದಿತ್ಯವಾರ ನಾವು ಒಬ್ಬರಿಗೊಬ್ಬರು ಕೈಕೊಡುವಾಗ ಮೂರು ಮಾತುಗಳನ್ನು ನೆನಸಿಕೊಳ್ಳೋಣ. ನಮ್ಮಿಂದ ಲಾಭ ನಿರೀಕ್ಷಿಸುವವನ ಕೈಯನ್ನೂ, ನಮಗೆ ಯಾವ ಲಾಭವನ್ನೂ ತರಲಾರದವನ ಕೈಯನ್ನೂ ಒಂದೇ ರೀತಿಯಲ್ಲಿ ಹಿಡಿಯೋಣ. ಮನಸ್ಸು ತಡಮಾಡಿದರೆ ಕೈಯನ್ನು ಮುಂದೆ ಕಳುಹಿಸೋಣ. ಕೊಟ್ಟ ಕೈಯನ್ನು ಸೋಮವಾರದಿಂದ ಶನಿವಾರದ ವರೆಗೆ ಕೆಲಸಕ್ಕೆ ಹಚ್ಚೋಣ. ಹಾಗೆ ಮಾಡಿದರೆ ಕೈಕೊಡುವದು ಎಂಬ ಮಾತಿಗೆ ನಮ್ಮ ನಡುವೆಯಾದರೂ ಒಂದೇ ಅರ್ಥ ಉಳಿಯುವದು.